ಬಾಯಿಂದ ತುಂಬುವ ರೈಫಲ್, ಸಾವಿರ ಗಜದ ಗುರಿ: ಕಲಿಕೆ ಕಲಬುರಗಿಯ ಬಯಲಲ್ಲೇ ಶುರುವಾಗಲಿ

ಚಿಂಚೋಳಿ ಕಡೆ ನಮ್ಮ ಕಾಕಾನ ಮನೆಯಲ್ಲಿ ಒಂದು ನಾಡ ಬಂದೂಕು ಇದೆ. ತೊಗರಿ ಹೊಲಕ್ಕೆ ನುಗ್ಗುವ ಹಂದಿಗಳನ್ನು ಬೆದರಿಸಲಿಕ್ಕೆ ಅಂತ ಲೈಸೆನ್ಸ್ ಮಾಡಿಸಿಕೊಂಡಿದ್ದು. ನಳಿಗೆಯ ಬಾಯಿಂದ ಮದ್ದು ಸುರಿದು, ಕೋಲಿನಿಂದ ಇಡಿದು, ಹಿಂದೆ ಕೇಪು (ಬಡಿದರೆ ಸಿಡಿದು ಮದ್ದಿಗೆ ಕಿಡಿ ಮುಟ್ಟಿಸುವ ಪುಟ್ಟ ಟೊಪ್ಪಿಗೆ) ಕೂರಿಸಿ ಹೊಡೆಯುವ ಜಾತಿ. ಇದೇ ಜಾತಿಯ ರೈಫಲ್ಲಿನಿಂದ ಸಾವಿರ ಗಜ, ಅಂದರೆ 914 ಮೀಟರ್ ದೂರದ ಹಲಗೆಗೆ ಹೊಡೆಯುತ್ತಾರೆ ಅಂತ ನಾನು ಹೇಳಿದಾಗ ಕಾಕಾ ನಂಬಲೇ ಇಲ್ಲ. "ಸುಳ್ಳ ಹೇಳಬ್ಯಾಡ ತಮ್ಮಾ, ನಂದು ಆ ಬೇವಿನ ಗಿಡಾನೇ ಮುಟ್ಟಂಗಿಲ್ಲ" ಅಂದರು. ಬೇವಿನ ಗಿಡ ಇದ್ದದ್ದು ಅರವತ್ತು ಹೆಜ್ಜೆ ದೂರದಲ್ಲಿ.

ಕೆಲಸದ ಮೇಲೆ ಇಂಗ್ಲೆಂಡಿನಲ್ಲಿದ್ದ ಕೆಲವು ವರ್ಷ ನಾನು ಈ ಆಟವನ್ನು ಕಲಿತೆ. ಈಗ ಊರಿಗೆ ಬಂದಮೇಲೆ ರೈಫಲ್ ಶೂಟಿಂಗ್ ಕಲಿಯುವ ಹುಡುಗರು ಕೇಳುತ್ತಿರುತ್ತಾರೆ, ಇದು ಹೇಗೆ ಸಾಧ್ಯ, ನಾವು ಎಲ್ಲಿಂದ ಶುರು ಮಾಡಬೇಕು ಅಂತ. ಅವರಿಗಾಗಿ ಇದನ್ನು ಬರೆಯುತ್ತಿದ್ದೇನೆ. ಮೊದಲೇ ಒಂದು ಮಾತು ಹೇಳಿಬಿಡುತ್ತೇನೆ. ಮದ್ದು ಜಾಸ್ತಿ ಹಾಕಿದರೆ ಗುಂಡು ದೂರದ ಗುರಿಗೆ ಬೀಳುತ್ತದೆ ಅನ್ನುವ ನಂಬಿಕೆಯನ್ನು ಮನೆಯಲ್ಲೇ ಬಿಟ್ಟು ಬನ್ನಿ. ಈ ಆಟ ನಿಂತಿರುವುದು ಎರಡರ ಮೇಲೆ: ಪ್ರತಿ ಸಲ ಕೂದಲೆಳೆ ವ್ಯತ್ಯಾಸವಿಲ್ಲದೆ ತುಂಬುವುದು, ಮತ್ತು ಗಾಳಿ ಓದುವುದು. ಎರಡನೆಯದನ್ನು ಕಲಿಯಲಿಕ್ಕೆ ನಮ್ಮ ಬಯಲಿಗಿಂತ ಒಳ್ಳೆಯ ಶಾಲೆ ಸಿಗುವುದು ಕಷ್ಟ. ಅದಕ್ಕೆ ಬಂದೂಕೂ ಬೇಡ.

ಮೊದಲು ಬಂದೂಕಿನ ಒಳಗೇನಿದೆ ನೋಡಿ

ಕಾಕಾ ಹೇಳಿದ್ದರಲ್ಲಿ ತಪ್ಪಿಲ್ಲ. ಅವರ ಬಂದೂಕಿನ ನಳಿಗೆ ಒಳಗೆ ನುಣುಪು. ಗುಂಡು ಒಳಗಿನ ಗೋಡೆಗೆ ಅತ್ತಿತ್ತ ಬಡಿಯುತ್ತಾ ಹೊರಗೆ ಬರುತ್ತದೆ, ಕೊನೆಗೆ ಯಾವ ಕಡೆ ಬಡಿದಿತ್ತೋ ಅದರ ಉಲ್ಟಾ ಕಡೆ ಹೋಗುತ್ತದೆ. ನಳಿಗೆ ಎಷ್ಟೇ ಉದ್ದ ಇರಲಿ, ಇದು ಸರಿಹೋಗುವುದಿಲ್ಲ. ನಮ್ಮ ಕಲಬುರಗಿ ಕೋಟೆಯಲ್ಲಿರುವ ಬಾರಾ ಗಜಿ ತೋಪು ನೋಡಿದ್ದೀರಲ್ವಾ? 29 ಅಡಿ ಉದ್ದ ಅಂತ ಹೇಳುತ್ತಾರೆ. ಅದನ್ನೂ ಬಾಯಿಂದಲೇ ತುಂಬಬೇಕು. ಕೋಟೆಯ ಮುಂದೆ ನಿಂತ ದಂಡಿನ ಮೇಲೆ ಹಾರಿಸಲಿಕ್ಕೆ ಸರಿ, ದೂರದಲ್ಲಿರುವ ಒಂದು ಹಲಗೆಯನ್ನು ಹೊಡೆಯುವ ಕೆಲಸ ಅದರದ್ದಲ್ಲ.

ರೈಫಲ್ಲಿನ ನಳಿಗೆಯೊಳಗೆ ಸುರುಳಿಯಾಗಿ ಹೋಗುವ ಗೆರೆಗಳಿರುತ್ತವೆ. ಅವು ಗುಂಡನ್ನು ಬುಗುರಿಯ ಹಾಗೆ ತಿರುಗಿಸುತ್ತವೆ, ತಿರುಗುವ ಗುಂಡು ಮೂತಿ ಮುಂದಿಟ್ಟುಕೊಂಡೇ ಹೋಗುತ್ತದೆ. ಇಲ್ಲೂ ಒಂದು ವಿಷಯವಿದೆ. ದುಂಡನೆಯ ಸೀಸದ ಗುಂಡಿಗೆ ನಿಧಾನದ ಸುರುಳಿ ಸಾಕು, 48 ಇಂಚಿಗೋ 66 ಇಂಚಿಗೋ ಒಂದು ಸುತ್ತು. ಆದರೆ ದುಂಡು ಗುಂಡಿಗೆ ಗಾಳಿಯ ತಡೆ ಜಾಸ್ತಿ, ಬೇಗ ಸೋಲುತ್ತದೆ. ನೂರು ಗಜದ ಆಚೆ ಅದರಿಂದ ದೊಡ್ಡ ನಿರೀಕ್ಷೆ ಇಟ್ಟುಕೊಳ್ಳಬೇಡಿ. ದೂರಕ್ಕೆ ಬೇಕಾದದ್ದು ಉದ್ದನೆಯ ಗುಂಡು, ಅದಕ್ಕೆ ತಕ್ಕ ಬಿಗಿ ಸುರುಳಿ. ಇಂಗ್ಲೆಂಡಿನ ಜೋಸೆಫ್ ವಿಟ್‌ವರ್ತ್ ಮಾಡಿದ ರೈಫಲ್ಲಿನಲ್ಲಿ ನಳಿಗೆಯ ಒಳಗು ಆರು ಮೂಲೆಯದು, 0.451 ಇಂಚಿನದು, 20 ಇಂಚಿಗೆ ಒಂದು ಸುತ್ತು. ಗುಂಡಿನ ತೂಕ 530 ಗ್ರೇನ್, ನಮ್ಮ ಲೆಕ್ಕದಲ್ಲಿ 34 ಗ್ರಾಂ ಚಿಲ್ಲರೆ. 1860ರಲ್ಲಿ ವಿಂಬಲ್ಡನ್‌ನಲ್ಲಿ ಶೂಟಿಂಗ್ ಸ್ಪರ್ಧೆ ಶುರುವಾದಾಗ ವಿಕ್ಟೋರಿಯಾ ರಾಣಿ ಮೊದಲ ಗುಂಡು ಹಾರಿಸಿದ್ದು ಇದರಿಂದಲೇ. ರೈಫಲನ್ನು ಸ್ಟ್ಯಾಂಡಿಗೆ ಬಿಗಿದಿದ್ದರು, 400 ಗಜದಲ್ಲಿ ಗುಂಡು ನಡುಬಿಂದುವಿನಿಂದ ಎರಡು ಇಂಚಿನೊಳಗೇ ಬಿತ್ತು.

ಅದೇ ಕಾಲದ ಎನ್‌ಫೀಲ್ಡ್ 1853ರ ಹೆಸರು ನಮ್ಮ ಸುರಪುರದವರಿಗೆ ಹೇಳಬೇಕಾಗಿಲ್ಲ. 1857ರಲ್ಲಿ ಕೊಬ್ಬು ಸವರಿದ ತೋಟಾದ ಗಲಾಟೆ ಎದ್ದಿದ್ದು ಅದರಿಂದ. ಅದು 0.577 ಇಂಚಿನ ಸೈನ್ಯದ ರೈಫಲ್, ಸುರುಳಿ 78 ಇಂಚಿಗೆ ಒಂದು. 600 ಗಜದವರೆಗೆ ಇವತ್ತಿಗೂ ಅದರಿಂದ ಸ್ಪರ್ಧೆ ಮಾಡುತ್ತಾರೆ. ಸಾವಿರ ಗಜಕ್ಕೆ ವಿಟ್‌ವರ್ತ್, ಐರ್ಲೆಂಡಿನ ರಿಗ್ಬಿ ಥರದ ರೈಫಲ್ಲುಗಳೇ ಬೇಕು.

ಕಾಗದ ಪತ್ರ

ಇದನ್ನು ಚಿಕ್ಕದಾಗಿ ಹೇಳುತ್ತೇನೆ, ಆದರೆ ಹಗುರವಾಗಿ ತಗೋಬೇಡಿ. ಬಾಯಿಂದ ತುಂಬುವ ಬಂದೂಕಿಗೂ 1959ರ ಶಸ್ತ್ರಾಸ್ತ್ರ ಕಾಯ್ದೆಯ ಪ್ರಕಾರ ಲೈಸೆನ್ಸ್ ಬೇಕೇ ಬೇಕು. ಬೆಳೆ ರಕ್ಷಣೆಗೆ ಅಂತ ಕೊಟ್ಟ ಲೈಸೆನ್ಸ್ ಅದಕ್ಕೆ ಮಾತ್ರ, ಆ ಬಂದೂಕನ್ನು ತಂದು ಬಯಲಲ್ಲಿ ಗುರಿ ಇಟ್ಟು ಆಡುವಂತಿಲ್ಲ. ಲೈಸೆನ್ಸಿನ ಅವಧಿ ಈಗ 5 ವರ್ಷ, ತಾರೀಕು ನೋಡಿಕೊಳ್ಳಿ. ಅಜ್ಜನ ಕಾಲದ ಬಂದೂಕು ಅಟ್ಟದ ಮೇಲೆ ಸಿಕ್ಕಿದರೆ ಮುಟ್ಟಿ ಪರೀಕ್ಷೆ ಮಾಡಬೇಡಿ. ಒಳಗೆ ಮದ್ದು ಇನ್ನೂ ಇರಬಹುದು, ಕರಿಮದ್ದು ಒಣಗಿದ್ದರೆ ಎಷ್ಟು ವರ್ಷವಾದರೂ ಸಿಡಿಯುತ್ತದೆ. ಠಾಣೆಗೆ ತಿಳಿಸಿ. ಮದ್ದನ್ನು ಮನೆಯಲ್ಲಿ ಅರೆಯುವ ಮಾತಂತೂ ಬೇಡವೇ ಬೇಡ. ಬೇಟೆಯ ಆಸೆ ಇದ್ದರೆ ಇಲ್ಲೇ ಓದು ನಿಲ್ಲಿಸಿ. ಬೀದರ್ ಕಡೆಯ ಚಿಗರಿಗೂ ಚಿಂಚೋಳಿ ಕಾಡಿನ ಪ್ರಾಣಿಗಳಿಗೂ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ, ಈ ಲೇಖನ ಹಲಗೆಗೆ ಹೊಡೆಯುವವರಿಗೆ.

ಹೊಸಬರು ರೈಫಲ್ ಕ್ಲಬ್ಬಿಗೆ ಸೇರಿ, 4.5 ಮಿಲಿಮೀಟರ್ ಏರ್ ರೈಫಲ್ಲಿನಿಂದ 10 ಮೀಟರ್ ಶುರು ಮಾಡಿ. ಉಸಿರು, ಟ್ರಿಗರ್, ಕಣ್ಣು, ಮೂರೂ ಅಲ್ಲೇ ಪಳಗುತ್ತವೆ. ಒಂದು ವರ್ಷ ಅದನ್ನೇ ಮಾಡಿದರೂ ನಷ್ಟವಿಲ್ಲ.

ಗಾಳಿ ಓದುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟದ ಭಾಗ, ಜಾಸ್ತಿ ಬರೆದರೆ ಬೇಜಾರು ಮಾಡಿಕೊಳ್ಳಬೇಡಿ.

ವಿಟ್‌ವರ್ತ್ ಥರದ ರೈಫಲ್ಲಿನಿಂದ ಹೊರಟ ಗುಂಡು ಸಾವಿರ ಗಜ ಮುಟ್ಟಲಿಕ್ಕೆ ಮೂರು ಸೆಕೆಂಡಿಗೂ ಜಾಸ್ತಿ ಹೊತ್ತು ತಗೊಳ್ಳುತ್ತದೆ. ಬಾಯಿಬಿಟ್ಟು "ಒಂದು ಸಾವಿರ, ಎರಡು ಸಾವಿರ, ಮೂರು ಸಾವಿರ" ಅಂತ ಎಣಿಸಿ ನೋಡಿ, ಅಷ್ಟೂ ಹೊತ್ತು ಗುಂಡು ಗಾಳಿಯಲ್ಲಿದೆ. ಅಷ್ಟರಲ್ಲಿ ಅದು ನಳಿಗೆ ತೋರಿಸಿದ ನೇರ ದಾರಿಗಿಂತ 40 ಮೀಟರಿಗೂ ಜಾಸ್ತಿ ಕೆಳಗೆ ಇಳಿದಿರುತ್ತದೆ. ಹನ್ನೆರಡು ಅಂತಸ್ತಿನ ಕಟ್ಟಡದಷ್ಟು. ಗಂಟೆಗೆ 16 ಕಿಲೋಮೀಟರಿನ ಅಡ್ಡಗಾಳಿ ಬೀಸಿದರೆ ಗುಂಡು ಹತ್ತಿರಹತ್ತಿರ 4 ಮೀಟರ್ ಪಕ್ಕಕ್ಕೆ ಸರಿಯುತ್ತದೆ. ಇಳಿಯುವುದು ಪ್ರತಿ ಸಲ ಒಂದೇ ಅಳತೆ, ಅದನ್ನು ಒಮ್ಮೆ ಲೆಕ್ಕ ಹಾಕಿ ಸೈಟಿನಲ್ಲಿ, ಅಂದರೆ ರೈಫಲ್ಲಿನ ಮೇಲೆ ಗುರಿ ನೋಡಲಿಕ್ಕೆ ಇರುವ ಸಾಧನದಲ್ಲಿ, ಕೂರಿಸಬಹುದು. ಗಾಳಿ ಹಾಗಲ್ಲ, ನಿಮಿಷಕ್ಕೊಮ್ಮೆ ಬದಲಾಗುತ್ತದೆ.

ಅಭ್ಯಾಸ ಹೀಗೆ ಮಾಡಿ. ಜೇವರ್ಗಿ ರಸ್ತೆಯೋ ಸೇಡಂ ರಸ್ತೆಯೋ, ನಿಮಗೆ ಗುರುತಿರುವವರ ಹೊಲ ನೋಡಿ, ಕೇಳಿ ಒಪ್ಪಿಗೆ ತಗೊಳ್ಳಿ. ಬದುವಿನ ಮೇಲೆ ನಿಂತು ಫೋನಿನ ಮ್ಯಾಪಿನಲ್ಲಿ 300, 600, 900 ಮೀಟರ್ ಅಳೆಯಿರಿ. ಮೂರೂ ಕಡೆ ಗೆಳೆಯರನ್ನು ನಿಲ್ಲಿಸಿ, ಕೈಯಲ್ಲಿ ಕೋಲು, ಕೋಲಿಗೆ ಹಳೆಯ ಧೋತರದ ತುಂಡು. 900 ಮೀಟರಿನಲ್ಲಿ ಮನುಷ್ಯ ಎಷ್ಟು ಸಣ್ಣ ಕಾಣುತ್ತಾನೆ ಅಂತ ಮೊದಲು ಸುಮ್ನೆ ನೋಡಿ. ಬಹಳ ಜನ 300 ಮೀಟರನ್ನೇ ಅರ್ಧ ಕಿಲೋಮೀಟರ್ ಅಂದುಕೊಂಡಿರುತ್ತಾರೆ. ಆಮೇಲೆ ನಿಮಿಷಕ್ಕೊಮ್ಮೆ, ಇಪ್ಪತ್ತು ನಿಮಿಷ, ಮೂರೂ ಬಟ್ಟೆಗಳು ಯಾವ ಕಡೆ ಎಷ್ಟು ಹಾರುತ್ತಿವೆ ಅಂತ ಬರೆಯಿರಿ. ಮೂರು ಕಡೆ ಮೂರು ಥರ ಇರುವುದನ್ನು ನೋಡಿದಾಗ ನನಗೆ ಮೊದಲ ದಿನ ದಿಗಿಲಾಗಿತ್ತು.

ವೇಗ ಅಂದಾಜು ಮಾಡಲಿಕ್ಕೆ ಕೈಯಲ್ಲಿ ಹಿಡಿಯುವ ಗಾಳಿಮಾಪಕ ಸಿಗುತ್ತದೆ. ಮೊದಲು ಅಂದಾಜು ಹೇಳಿ, ಆಮೇಲೆ ಮಾಪಕ ನೋಡಿ, ಉಲ್ಟಾ ಮಾಡಬೇಡಿ. ಮುಖಕ್ಕೆ ಗಾಳಿ ತಾಗಿ ಎಲೆ ಸರಸರ ಅಂದರೆ ಗಂಟೆಗೆ 6ರಿಂದ 11 ಕಿಲೋಮೀಟರ್. ತೊಗರಿ ಗಿಡದ ಸಣ್ಣ ಟೊಂಗೆಗಳು ಬಿಡದೆ ಅಲುಗುತ್ತಿದ್ದರೆ 12ರಿಂದ 19. ಕೊಯ್ಲಾದ ಹೊಲದಲ್ಲಿ ಧೂಳೆದ್ದು ಕಾಗದ ಹಾರಿದರೆ 20ರ ಮೇಲೆ.

ದಿಕ್ಕಿಗೆ ಗಡಿಯಾರದ ಲೆಕ್ಕ ಇಟ್ಟುಕೊಳ್ಳಿ. ಗುರಿ 12ರಲ್ಲಿದೆ ಅಂತ ಎಣಿಸಿ. 3 ಅಥವಾ 9ರಿಂದ ಬರುವ ಗಾಳಿ ಪೂರ್ತಿ ದೂಡುತ್ತದೆ. 1, 5, 7, 11ರಿಂದ ಬಂದರೆ ಅರ್ಧ. 2, 4, 8, 10ರಿಂದ ಬಂದರೆ ಪೂರ್ತಿಗಿಂತ ಸ್ವಲ್ಪವೇ ಕಮ್ಮಿ. 12ರಿಂದ ಅಥವಾ 6ರಿಂದ ನೇರ ಬಂದರೆ ಪಕ್ಕಕ್ಕೆ ದೂಡುವುದಿಲ್ಲ, ಆದರೆ ಅಂಥ ಗಾಳಿ ನೇರವಾಗಿ ನಿಲ್ಲುವುದೇ ಇಲ್ಲ, ಈ ಕಡೆ ಆ ಕಡೆ ಹೊಯ್ದಾಡುತ್ತಿರುತ್ತದೆ. ನನಗೆ ಅತಿ ಕಷ್ಟ ಅನ್ನಿಸಿದ್ದು ಅದೇ.

ಇನ್ನೊಂದು ಸಂಗತಿ ನನಗೆ ತಡವಾಗಿ ಹೊಳೆಯಿತು. ಗುಂಡು ಕಣ್ಣಿನ ದಾರಿಯಲ್ಲಿ ಹೋಗುವುದಿಲ್ಲ, ಬಿಲ್ಲಿನ ಹಾಗೆ ಬಾಗಿದ ದಾರಿಯಲ್ಲಿ ಹೋಗುತ್ತದೆ. ಸಾವಿರ ಗಜದ ಹೊಡೆತದಲ್ಲಿ ನಡುದಾರಿಯಲ್ಲಿ ಅದು 10 ಮೀಟರಿಗೂ ಮೇಲಿರುತ್ತದೆ. ನೆಲದ ಹುಲ್ಲು ಅಲುಗದೆ ನಿಂತಿರುವಾಗಲೂ ಅಷ್ಟು ಎತ್ತರದಲ್ಲಿ ಗಾಳಿ ಜೋರಾಗಿರಬಹುದು. ಬಟ್ಟೆಯ ಜೊತೆ ಹೊಲದ ನಡುವಿನ ಬೇವಿನ ಗಿಡದ ತುದಿಯನ್ನೂ ನೋಡಿ.

ಬೇಸಿಗೆಯಲ್ಲಿ ಇನ್ನೊಬ್ಬ ಗುರು ಸಿಗುತ್ತಾನೆ, ಬಿಸಿಲುಗುದುರೆ. ಏಪ್ರಿಲ್‌ನಲ್ಲಿ ಬೆಳಿಗ್ಗೆ ಹತ್ತಕ್ಕೆಲ್ಲ ಕರಿನೆಲದ ಮೇಲೆ ಗಾಳಿ ನೀರಿನ ಹಾಗೆ ನಡುಗುತ್ತದೆ. ದುರ್ಬೀನನ್ನು ಗುರಿಗಿಂತ ಸ್ವಲ್ಪ ಈಚೆಗೆ ಫೋಕಸ್ ಮಾಡಿ. ಅಲೆಗಳು ನೇರ ಮೇಲಕ್ಕೆ ಕುದಿಯುತ್ತಿದ್ದರೆ ಅಡ್ಡಗಾಳಿ ಇಲ್ಲ. ಓರೆಯಾಗಿ ಹರಿಯುತ್ತಿದ್ದರೆ ಗಾಳಿ ಇದೆ. ಅಡ್ಡಡ್ಡ ಚಪ್ಪಟೆಯಾಗಿ ಓಡುತ್ತಿದ್ದರೆ ಜೋರು ಗಾಳಿ, ಆ ಮೇಲೆ ಅದರಿಂದ ವೇಗ ಅಳೆಯಲಿಕ್ಕೆ ಆಗುವುದಿಲ್ಲ, ಬಟ್ಟೆಗೇ ಮರಳಿ. ಇಂಗ್ಲೆಂಡಿನಲ್ಲಿ ಇಂಥ ಬಿಸಿಲಿಗೆ ವರ್ಷದಲ್ಲಿ ಕೆಲವೇ ದಿನ ಕಾಯಬೇಕಿತ್ತು, ನಮ್ಮಲ್ಲಿ ಮೂರು ತಿಂಗಳು ಪುಕ್ಕಟೆ. ನೀರು, ಟೊಪ್ಪಿಗೆ ಮಾತ್ರ ಮರೆಯಬೇಡಿ, ಹನ್ನೊಂದರೊಳಗೆ ಮನೆ ಸೇರಿ.

ನನ್ನ ಅಭ್ಯಾಸ ನೋಡಿ ಕಾಕಾ ಒಂದು ಸಂಜೆ ಬದುವಿನ ಮೇಲೆ ಬಂದು ಕೂತರು. "ಈಗ ಗಾಳಿ ತಿರಗ್ತದ ನೋಡು" ಅಂದರು. ಅರ್ಧ ನಿಮಿಷದಲ್ಲಿ 600 ಮೀಟರಿನ ಬಟ್ಟೆ ತಿರುಗಿತು. ಹೇಗೆ ಗೊತ್ತಾಯಿತು ಅಂತ ಕೇಳಿದೆ. ಆಚೆ ಹೊಲದ ಜೋಳದ ತೆನೆ ಮೊದಲೇ ಬಾಗಿದ್ದನ್ನು ಅವರು ಕಂಡಿದ್ದರು. ರಾಶಿ ತೂರಿ ಪಳಗಿದ ಕಣ್ಣು ಅದು. ನಿಮ್ಮ ಮನೆಯಲ್ಲೂ ಕಣದಲ್ಲಿ ಮೊರ ಹಿಡಿದು ತೂರಿದ ಹಿರಿಯರಿದ್ದರೆ ಅವರ ಪಕ್ಕದಲ್ಲಿ ಒಂದು ಸಂಜೆ ಕೂತು ಕೇಳಿ.

ತುಂಬುವ ಕ್ರಮ

ಇದನ್ನು ಮಾಡುವುದು ಲೈಸೆನ್ಸ್ ಇರುವ ಶೂಟಿಂಗ್ ರೇಂಜಿನಲ್ಲಿ, ತಿಳಿದವರು ಪಕ್ಕದಲ್ಲಿ ನಿಂತಾಗ ಮಾತ್ರ. ಕಣ್ಣಿಗೆ ಕನ್ನಡಕ, ಕಿವಿಗೆ ಮುಚ್ಚು, ಮೈಮೇಲೆ ಹತ್ತಿ ಬಟ್ಟೆ. ಹತ್ತಿರದಲ್ಲಿ ಬೀಡಿ ಸಿಗರೇಟು ಯಾರ ಕೈಯಲ್ಲೂ ಇರಬಾರದು. ಮದ್ದು ಕರಿಮದ್ದೇ ಆಗಿರಬೇಕು. ಹೊಗೆ ಬರದ ಹೊಸ ಕಾಲದ ಪುಡಿಯನ್ನು ಚಿಟಿಕೆಯಷ್ಟು ಹಾಕಿದರೂ ನಳಿಗೆ ಒಡೆದು ಕೈ ಹೋಗುತ್ತದೆ.

ಅರ್ಧ ಕೆಲಸ ಮನೆಯಲ್ಲೇ ಮುಗಿದಿರಬೇಕು. ಗುಂಡುಗಳನ್ನು ಒಂದೊಂದಾಗಿ ಚಿನ್ನ ತೂಗುವ ಥರದ ತಕ್ಕಡಿಯಲ್ಲಿ ತೂಗಿ. ಒಂದು ಗ್ರೇನ್‌ಗಿಂತ ಹೆಚ್ಚು ಕಮ್ಮಿ ಇದ್ದದ್ದನ್ನು ಪಕ್ಕಕ್ಕಿಡಿ, ತೂಕ ಕಮ್ಮಿ ಇದ್ದದ್ದರ ಒಳಗೆ ಗಾಳಿಗುಳ್ಳೆ ಇರಬಹುದು. ಮದ್ದನ್ನೂ ಪ್ರತಿ ಹೊಡೆತಕ್ಕೆ ಬೇರೆ ಬೇರೆ ಸಣ್ಣ ಕೊಳವೆಯಲ್ಲಿ ತೂಗಿ ಮುಚ್ಚಿಡಿ. ದೂರದ ರೈಫಲ್ಲಿಗೆ ಸಾಮಾನ್ಯವಾಗಿ 80-90 ಗ್ರೇನ್, ಐದೂವರೆ ಗ್ರಾಂ ಆಸುಪಾಸು. ಆದರೆ ನಿಮ್ಮ ರೈಫಲ್ ಮಾಡಿದವರು ಹೇಳಿದ ಮಿತಿಯೇ ಕೊನೆಯ ಮಾತು, ಕಮ್ಮಿಯಿಂದ ಶುರು ಮಾಡಿ. ದೊಡ್ಡ ಡಬ್ಬಿಯಿಂದ ನೇರ ನಳಿಗೆಗೆ ಯಾವತ್ತೂ ಸುರಿಯಬೇಡಿ. ಒಳಗೆ ಹಿಂದಿನ ಹೊಡೆತದ ಕೆಂಡ ಉಳಿದಿದ್ದರೆ ಡಬ್ಬಿಯೇ ಸಿಡಿಯುತ್ತದೆ.

ರೇಂಜಿನಲ್ಲಿ ಮೊದಲು ನಳಿಗೆಯ ಎಣ್ಣೆಯನ್ನು ಒಣ ಬಟ್ಟೆಯಿಂದ ಪೂರ್ತಿ ಒರೆಸಿ. ಖಾಲಿ ನಳಿಗೆಯನ್ನು ಗುರಿಯ ಕಡೆ ತಿರುಗಿಸಿ, ಬಾಯಿಯನ್ನು ಒಂದು ಹುಲ್ಲುಕಡ್ಡಿಯ ಹತ್ತಿರ ಹಿಡಿದು ಬರೀ ಕೇಪು ಹೊಡೆಯಿರಿ. ಹುಲ್ಲು ಅಲುಗಿದರೆ ದಾರಿ ತೆರೆದಿದೆ ಅಂತ ಅರ್ಥ. ಆಮೇಲೆ ಉದ್ದನೆಯ ಹಿತ್ತಾಳೆ ಕೊಳವೆಯೊಳಗಿಂದ ಮದ್ದನ್ನು ನಿಧಾನಕ್ಕೆ ಇಳಿಬಿಡಿ, ಕಾಳು ಕಾಳು ಒತ್ತಾಗಿ ಕೂರುತ್ತದೆ. ಮೇಲೆ ಮದ್ದನ್ನೂ ಗುಂಡನ್ನೂ ಬೇರೆ ಇಡುವ ಬಿಲ್ಲೆ, ಅದರ ಮೇಲೆ ಗುಂಡು. ಕೋಲಿನಿಂದ ಒಂದೇ ಒತ್ತಡದಲ್ಲಿ ಕೊನೆಯವರೆಗೆ ದೂಡಿ, ಕುಟ್ಟಬೇಡಿ, ಕುಟ್ಟಿದರೆ ಮೂತಿಯೂ ಹಾಳು, ಮದ್ದೂ ಪುಡಿ. ಕೋಲಿನ ಮೇಲೆ ಒಂದು ಗೆರೆ ಹಾಕಿರಬೇಕು. ಗುಂಡು ಮದ್ದಿನ ಮೇಲೆ ಕೂತಾಗ ಆ ಗೆರೆ ನಳಿಗೆಯ ಬಾಯಿಗೆ ಸರಿಯಾಗಿ ಬರಬೇಕು. ಮೇಲೆ ನಿಂತರೆ ಗುಂಡು ಪೂರ್ತಿ ಇಳಿದಿಲ್ಲ, ಅಥವಾ ಎರಡು ಸಲ ಮದ್ದು ಬಿದ್ದಿದೆ. ಕೋಲನ್ನು ಹೊರಗೆ ತೆಗೆದು ನೆಲದ ಮೇಲೆ ಇಟ್ಟದ್ದನ್ನು ಕಣ್ಣಾರೆ ನೋಡಿ. ಕೇಪು ಎಲ್ಲಕ್ಕಿಂತ ಕೊನೆಗೆ, ಹೊಡೆಯುವ ಜಾಗಕ್ಕೆ ಬಂದಮೇಲೆ. ಇಷ್ಟೂ ಹೊತ್ತು ತಲೆ ನಳಿಗೆಯ ಬಾಯಿಯ ಮೇಲೆ ಬಾಗಬಾರದು.

ಆ ಗೆರೆಯ ಬೆಲೆ ನನಗೆ ಎರಡನೇ ತಿಂಗಳಲ್ಲಿ ತಿಳಿಯಿತು. ಹೊಡೆತದ ನಡುವೆ ಒಂದು ಸಲ ಒರೆಸುವುದನ್ನು ಬಿಟ್ಟಿದ್ದೆ. ಮಸಿ ಗಟ್ಟಿಯಾಗಿ ಗುಂಡು ನಾಲ್ಕು ಬೆರಳು ಮೇಲೆಯೇ ಸಿಕ್ಕಿಕೊಂಡಿತು. ಮದ್ದಿಗೂ ಗುಂಡಿಗೂ ನಡುವೆ ಖಾಲಿ ಜಾಗ ಇಟ್ಟು ಹೊಡೆದರೆ ನಳಿಗೆ ಉಬ್ಬುತ್ತದೆ, ಒಡೆಯಲೂಬಹುದು. ಗೆರೆ ಮೇಲಿದ್ದದ್ದನ್ನು ನೋಡಿ ನಿಲ್ಲಿಸಿದೆ, ರೇಂಜಿನವರು ಬಂದು ಗುಂಡು ತೆಗೆಸಿದರು. ಅವತ್ತಿನಿಂದ ಪ್ರತಿ ಹೊಡೆತದ ನಂತರ ಒಂದು ತೇವದ ಬಟ್ಟೆ, ಒಂದು ಒಣ ಬಟ್ಟೆ, ತಪ್ಪಿಸಿಲ್ಲ. ಒಣ ಬಿಸಿಲಿನಲ್ಲಿ ಮಸಿ ಇನ್ನೂ ಬೇಗ ಗಟ್ಟಿಯಾಗುತ್ತದೆ, ಆದ್ದರಿಂದ ನಮ್ಮ ಕಡೆಯ ಹವೆಯಲ್ಲಿ ಹೊಡೆಯುವವರು ಇದನ್ನು ಎರಡು ಪಟ್ಟು ನೆನಪಿಡಬೇಕು.

ಹೊಡೆಯುವುದು

ಬೋರಲು ಮಲಗಿ ಹೊಡೆಯುವುದು ಸುಲಭ, ಅದರಿಂದಲೇ ಶುರು ಮಾಡಿ. ಹಳೆಯ ದೂರದ ಶೂಟರುಗಳಲ್ಲಿ ಕೆಲವರು ಅಂಗಾತ ಮಲಗಿ, ರೈಫಲನ್ನು ಕಾಲಿನ ಮೇಲೆ ಇಟ್ಟು ಹೊಡೆಯುತ್ತಿದ್ದರು. ಚಿತ್ರ ನೋಡಿದರೆ ವಿಚಿತ್ರ ಅನಿಸುತ್ತದೆ, ಮಾಡಿ ನೋಡಿದರೆ ತುಂಬಾ ಸ್ಥಿರ.

ಸೈಟಿನಲ್ಲಿ ಎರಡು ಸಂಗತಿ ಗಮನಿಸಿ. ಹಿಂದಿನ ಸಣ್ಣ ತೂತಿನ ಸೈಟನ್ನು ಮಿನಿಟ್ ಲೆಕ್ಕದಲ್ಲಿ ಏರಿಸಿ ಇಳಿಸುತ್ತಾರೆ. ಇದು ಹೊತ್ತಿನ ನಿಮಿಷವಲ್ಲ, ಒಂದು ಡಿಗ್ರಿಯ ಅರವತ್ತನೇ ಒಂದು ಪಾಲು. ಒಂದು ಮಿನಿಟ್ ಅಂದರೆ 100 ಮೀಟರಿನಲ್ಲಿ 2.9 ಸೆಂಟಿಮೀಟರ್, ಸಾವಿರ ಗಜದಲ್ಲಿ ಸುಮಾರು 27 ಸೆಂಟಿಮೀಟರ್. ಎರಡನೆಯದು ಮುಂದಿನ ಸೈಟಿನಲ್ಲಿರುವ ನೀರುಗುಳ್ಳೆಯ ಮಟ್ಟ, ಗಾರೆಯವರ ಹತ್ತಿರ ಇರುತ್ತದಲ್ವಾ, ಅದರ ಮರಿ. ರೈಫಲ್ ಒಂದೇ ಒಂದು ಡಿಗ್ರಿ ವಾಲಿದರೂ ಸಾವಿರ ಗಜದಲ್ಲಿ ಗುಂಡು ಮುಕ್ಕಾಲು ಮೀಟರಿನಷ್ಟು ಪಕ್ಕಕ್ಕೆ ಬೀಳುತ್ತದೆ. ಗಾಳಿಯನ್ನು ಸರಿಯಾಗಿ ಓದಿ, ಗುಳ್ಳೆ ನೋಡದೆ ಹೊಡೆದು, ತಪ್ಪನ್ನು ಗಾಳಿಯ ಮೇಲೆ ಹಾಕುವವರು ಬಹಳ.

ಗುರಿಯ ನಂಬರನ್ನು ಪ್ರತಿ ಹೊಡೆತಕ್ಕೂ ನೋಡಿ. 1874ರಲ್ಲಿ ನ್ಯೂಯಾರ್ಕ್ ಹತ್ತಿರದ ಕ್ರೀಡ್‌ಮೂರ್‌ನಲ್ಲಿ ಐರ್ಲೆಂಡ್ ಮತ್ತು ಅಮೆರಿಕಾ ತಂಡಗಳ ನಡುವೆ 800, 900, 1000 ಗಜದ ಪಂದ್ಯ ನಡೆಯಿತು. ಐರಿಶ್ ತಂಡದ ಕೈಯಲ್ಲಿದ್ದದ್ದು ಬಾಯಿಂದ ತುಂಬುವ ರಿಗ್ಬಿ ರೈಫಲ್ಲುಗಳು, ಅಮೆರಿಕಾದವರದ್ದು ಹಿಂದಿನಿಂದ ತುಂಬುವ ಹೊಸ ರೈಫಲ್ಲುಗಳು. ಐರಿಶ್ ತಂಡದ ಒಬ್ಬ ಪಕ್ಕದ ಹಲಗೆಯ ನಟ್ಟನಡುವೆ ಹೊಡೆದುಬಿಟ್ಟ. ಆ ಹೊಡೆತಕ್ಕೆ ಸಿಗಬೇಕಾಗಿದ್ದ 4 ಅಂಕ ಸಿಗಲಿಲ್ಲ. ಪಂದ್ಯ ಮುಗಿದಾಗ ಅಮೆರಿಕಾ 934, ಐರ್ಲೆಂಡ್ 931.

ಟ್ರಿಗರ್ ಎಳೆದ ಮೇಲೆ ಅಲುಗಬೇಡಿ. ಕೇಪಿಗೆ ಬಡಿಯುವ ಕುದುರೆ ಬಿದ್ದು, ಕೇಪು ಸಿಡಿದು, ಮದ್ದು ಹೊತ್ತಿ, ಗುಂಡು ನಳಿಗೆ ಬಿಡುವಷ್ಟರಲ್ಲಿ ಹೊಸ ರೈಫಲ್ಲಿಗಿಂತ ಜಾಸ್ತಿ ಹೊತ್ತು ಹೋಗುತ್ತದೆ. ಹೊಗೆಯ ಮೋಡ ಮುಖದ ಮುಂದೆ ಬಂದಮೇಲೂ ಹಾಗೇ ಹಿಡಿದಿರಿ. ಆ ಹೊಗೆ ಯಾವ ಕಡೆ ಹೋಯಿತು ಅಂತ ನೋಡಿ ಬರೆದುಕೊಳ್ಳಿ, ನಿಮ್ಮ ಹತ್ತಿರದ ಗಾಳಿಗೆ ಅದಕ್ಕಿಂತ ಒಳ್ಳೆಯ ಬಾವುಟ ಇಲ್ಲ.

ಕೇಪು ಸಿಡಿದು ಗುಂಡು ಹೋಗದಿದ್ದರೆ ನಳಿಗೆ ಗುರಿಯ ಕಡೆಯೇ ಇರಲಿ, ಕನಿಷ್ಠ ಪೂರ್ತಿ ಎರಡು ನಿಮಿಷ. ಮದ್ದು ಒಳಗೊಳಗೇ ಕನಲುತ್ತಿದ್ದು ತಡವಾಗಿ ಹೊತ್ತಬಹುದು. ಆಮೇಲೆ ರೇಂಜಿನವರನ್ನು ಕರೆಯಿರಿ.

ಪ್ರತಿ ಹೊಡೆತಕ್ಕೂ ಪುಸ್ತಕದಲ್ಲಿ ಒಂದು ಸಾಲು: ಗಂಟೆ, ಬಿಸಿಲು, ಗಾಳಿಯ ದಿಕ್ಕು ಮತ್ತು ಅಂದಾಜು ವೇಗ, ಸೈಟಿನ ಅಂಕಿ, ಗುಂಡು ಬಿದ್ದ ಜಾಗ. ಬಿದ್ದ ಜಾಗ ನೋಡುವ ಮೊದಲು ಎಲ್ಲಿ ಬಿದ್ದಿರಬೇಕು ಅಂತ ನಿಮ್ಮ ಅಂದಾಜನ್ನೂ ಬರೆಯಿರಿ.

ತೊಳೆಯುವುದು

ಅವತ್ತಿನ ಕೆಲಸ ಅವತ್ತೇ. ಕರಿಮದ್ದಿನ ಮಸಿಯಲ್ಲಿ ಉಪ್ಪಿನಂಶ ಇದೆ, ಅದು ಗಾಳಿಯ ತೇವ ಎಳೆದುಕೊಂಡು ಒಂದೇ ರಾತ್ರಿಯಲ್ಲಿ ತುಕ್ಕು ಹಿಡಿಸುತ್ತದೆ. ಮಳೆಗಾಲದಲ್ಲಿ ಇನ್ನೂ ಬೇಗ. ಮೊದಲು ಕೇಪು ಇಲ್ಲ, ನಳಿಗೆ ಖಾಲಿ ಅಂತ ಕೋಲು ಇಳಿಸಿ ಖಾತ್ರಿ ಮಾಡಿಕೊಳ್ಳಿ. ಕೇಪು ಕೂರುವ ನಿಪ್ಪಲ್ ಬಿಚ್ಚಿ, ಬಿಸಿ ನೀರಿಗೆ ಸ್ವಲ್ಪ ಸೋಪು ಹಾಕಿ, ಬಟ್ಟೆ ಸುತ್ತಿದ ಕೋಲಿನಿಂದ ಪಂಪಿನ ಹಾಗೆ ಮೇಲೆ ಕೆಳಗೆ ಮಾಡಿ. ನೀರು ಬೆಳ್ಳಗೆ ಬರುವ ತನಕ ಬಿಡಬೇಡಿ. ಕೊನೆಗೆ ಬರೀ ಬಿಸಿ ನೀರು, ಒಣ ಬಟ್ಟೆ, ನಳಿಗೆ ಬೆಚ್ಚಗಿರುವಾಗಲೇ ತೆಳ್ಳಗೆ ಎಣ್ಣೆ. ಮರುದಿನ ಬೆಳಿಗ್ಗೆ ಇನ್ನೊಂದು ಸಲ ಬಿಳಿ ಬಟ್ಟೆ ಹಾಕಿ ಎಳೆಯಿರಿ. ಕಂದು ಬಣ್ಣ ಕಂಡರೆ ಮತ್ತೆ ಬಿಸಿ ನೀರು ಕಾಯಿಸಿ.